ಕಲ್ಲಿನ ಟೋಪಿ ಹಾಕಿದ ಗುಡ್ಡ

ಕಾಸರಗೋಡಿನ ಪೆರ್ಲ ಕಡೆಯಿಂದ ಬರೆದ ಅಕ್ಕನಿಗೆ ನಮಸ್ಕಾರ.

ಬಂಡೆ ಬಿಸಿಲು ಮಳೆಗೆ ಶಿಥಿಲವಾಗಿ ಮಣ್ಣಾಗುತ್ತದೆ ಎಂದು ಮಗಳ ಪಾಠದಲ್ಲಿದೆ, ನಮ್ಮ ಗುಡ್ಡದಲ್ಲಿ ನೋಡಿದರೆ ಮೇಲೆ ಗಟ್ಟಿ ಮುರಕಲ್ಲು (ಮನೆ ಕಟ್ಟುವ ಕೆಂಪು ಕಲ್ಲು), ಅಡಿಯಲ್ಲಿ ಮೆತ್ತಗಿನ ಬಿಳಿ ಶೇಡಿ ಮಣ್ಣು, ಇದು ಉಲ್ಟಾ ಅಲ್ವಾ ಎಂದು ಕೇಳಿದ್ದೀರಿ. ಪಕ್ಕದ ಜಾಗದಲ್ಲಿ ಕಲ್ಲು ಕಡಿಯಲು ಶುರುವಾದ ಮೇಲೆ ತೋಡಿನ (ಸಣ್ಣ ಹಳ್ಳದ) ನೀರು ಹಾಲಿನಂತೆ ಬರುತ್ತಿದೆ ಎಂದೂ ಬರೆದಿದ್ದೀರಿ. ಎರಡಕ್ಕೂ ನಂಟಿದೆ.

ಪಾಠ ತಪ್ಪಲ್ಲ. ಮುರಕಲ್ಲು ಹುಟ್ಟಿದ್ದೇ ಹಳೆಯ ಬಂಡೆ ಶಿಥಿಲವಾಗಿ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಆಮೇಲೆ ತಿಂಗಳುಗಟ್ಟಲೆ ಬಿಸಿಲು. ಲಕ್ಷಾಂತರ ವರ್ಷ ಹೀಗೇ ನಡೆಯಿತು. ಮಳೆನೀರು ಬಂಡೆಯಲ್ಲಿ ಕರಗುವುದನ್ನೆಲ್ಲ ಕರಗಿಸಿ ಒಯ್ದಿತು, ಸಿಲಿಕಾವನ್ನೂ ಬಿಡಲಿಲ್ಲ. ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಆ ಕಬ್ಬಿಣ ತುಕ್ಕು ಹಿಡಿದು, ಒಣಗಿ, ಉಳಿದದ್ದನ್ನು ಒಂದಕ್ಕೊಂದು ಬೆಸೆಯಿತು. ಅದೇ ಮುರಕಲ್ಲು. ಅಡಿಯಲ್ಲಿ ಕಬ್ಬಿಣ ಕಡಿಮೆ, ಅಲ್ಲಿ ಬೆಸುಗೆ ಆಗಲಿಲ್ಲ. ಅದು ಶೇಡಿಯಾಗಿಯೇ ಉಳಿಯಿತು. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ನೋಡಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಬೇಕಲ ಕೋಟೆ ಕಟ್ಟಿದ್ದೂ ಇದರಿಂದಲೇ.

ಶಿಥಿಲವಾಗುವುದು ಬೇರೆ, ಸವೆಯುವುದು ಬೇರೆ. ಮೊದಲನೆಯದರಲ್ಲಿ ಬಂಡೆ ಇದ್ದಲ್ಲೇ ಬದಲಾಗುತ್ತದೆ. ಎರಡನೆಯದರಲ್ಲಿ ಅದನ್ನು ನೀರು ಹೊತ್ತೊಯ್ಯುತ್ತದೆ. ಮಳೆ ಬಿಟ್ಟಾಗ ಮಗಳನ್ನು ಅಂಗಳಕ್ಕೆ ಕರೆದು, ಮಾಡಿನ ಹನಿ ಬೀಳುವ ಸಾಲನ್ನು ಕೂತು ನೋಡಿ. ಸುತ್ತಲಿನ ಮಣ್ಣು ಹಾರಿಹೋಗಿ, ಬೆರಳಿನಷ್ಟೆತ್ತರದ ಮಣ್ಣಿನ ಕಂಬಗಳು ನಿಂತಿರುತ್ತವೆ. ಪ್ರತಿಯೊಂದರ ತಲೆಯ ಮೇಲೂ ಒಂದು ಹರಳುಕಲ್ಲು! ಅದನ್ನು ಮೆಲ್ಲಗೆ ತೆಗೆದಿಡಿ. ಮುಂದಿನ ಮಳೆಗೆ ಆ ಕಂಬ ಇರುವುದಿಲ್ಲ.

ನಮ್ಮ ಪದವುಗಳೂ, ಅಂದರೆ ತಲೆ ಚಪ್ಪಟೆಯಾದ ಗುಡ್ಡಗಳೂ, ಹಾಗೇ. ಮೇಲೆ ಮುರಕಲ್ಲಿನ ಟೋಪಿ ಇರುವುದರಿಂದಲೇ ಅವು ಚಪ್ಪಟೆಯಾಗಿ ನಿಂತಿವೆ. ಟೋಪಿ ಒಡೆದಲ್ಲಿ ನೀರು ಕೊರೆದು ಕಣಿವೆ ಮಾಡಿದೆ, ಅಲ್ಲಿ ನಾವು ಅಡಿಕೆ ತೋಟ ಮಾಡಿದ್ದೇವೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಿಮ್ಮ ಸುರಂಗಕ್ಕೆ ನೀರು ಬರುವುದೂ ಇದರಿಂದಲೇ. ಮುರಕಲ್ಲಿನ ತೂತುಗಳಲ್ಲಿ ಇಳಿದ ಮಳೆ ಅಡಿಯ ಶೇಡಿಗೆ ತಾಗಿ ನಿಲ್ಲುತ್ತದೆ, ಅಡ್ಡಕ್ಕೆ ಹರಿದು ಸುರಂಗದಲ್ಲಿ ಜಿನುಗುತ್ತದೆ.

ತೋಡಿನ ನೀರು ಹಾಲಾಗಿದ್ದು ಯಾಕೆ ಎಂದು ಈಗ ನಿಮಗೇ ಹೊಳೆದಿರಬೇಕು. ಮುರಕಲ್ಲು ಕಡಿದರೆ ನೀರು ಕೆಂಪಾಗುತ್ತದೆ. ಬೆಳ್ಳಗಾಗಿದೆ ಎಂದರೆ ಕಲ್ಲು ಕಡಿಯುವ ಕೋರೆ ಶೇಡಿಗೆ ಮುಟ್ಟಿರುವ ಸಾಧ್ಯತೆಯೇ ಜಾಸ್ತಿ. ಇದು ನನಗೆ ನಿಜಕ್ಕೂ ಆತಂಕ ತಂದಿದೆ. ಶೇಡಿ ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಒಮ್ಮೆಲೇ ಜಾರುತ್ತದೆ. ಗುಡ್ಡ ಕಡಿದ ಕಡೆಗಳಲ್ಲಿ ಜೋರು ಮಳೆಗೆ ಧರೆ (ಕಡಿದ ಗುಡ್ಡದ ಕಡಿದಾದ ಬದಿ) ಕುಸಿಯುವುದಕ್ಕೆ ಇದೂ ಒಂದು ಕಾರಣ. ಕಲ್ಲು ಬೇಡ ಎನ್ನುತ್ತಿಲ್ಲ, ನನ್ನ ಮನೆಯೂ ಮುರಕಲ್ಲಿನದೇ. ಆದರೆ ಶೇಡಿ ಕಾಣುವ ಮೊದಲೇ ನಿಲ್ಲಿಸಬೇಕು. ಮೇಲಿನಿಂದ ಬರುವ ನೀರು ಕಡಿದ ಧರೆಗೆ ಬೀಳದ ಹಾಗೆ ಚರಂಡಿ ಮಾಡಬೇಕು. ಜೋರು ಮಳೆಯ ರಾತ್ರಿ ಧರೆಯ ಬದಿಯ ಕೋಣೆಯಲ್ಲಿ ಯಾರೂ ಮಲಗಬೇಡಿ.

ಒಂದು ಕೆಲಸ ಮಾಡಿ ಅಕ್ಕಾ. ತೋಡಿನ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಎರಡು ದಿನ ಅಲುಗಾಡಿಸದೆ ಇಡಿ. ಅಡಿಯಲ್ಲಿ ಕೂತದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಹಿಟ್ಟಿನಂತೆ ನುಣ್ಣಗಿದ್ದು, ಬೆಳ್ಳಗಿದ್ದರೆ ಅದು ಶೇಡಿ. ಪಂಚಾಯತಿಗೆ ಹೋಗುವಾಗ ಅರ್ಜಿಯ ಜೊತೆ ಆ ಲೋಟವನ್ನೂ ತೆಗೆದುಕೊಂಡು ಹೋಗಿ.

– ಸಂಪಾದಕ