ನೀವು ಎಲ್ಲಿ ಕೂತು ನೋಡಿದಿರಿ ಸಾರ್?

ತಿಪಟೂರಿನಿಂದ ಹನ್ನೊಂದು ಪುಟದ ಪತ್ರ ಬಂದಿದೆ. ಬರೆದವರು ನಮ್ಮ ಹಳೆಯ ಓದುಗರು, ನಿವೃತ್ತ ಮೇಷ್ಟ್ರು. ಹೆಸರು ಹಾಕಬೇಡಿ ಎಂದಿದ್ದಾರೆ. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ, ಮುಖ್ಯ ಮಾತುಗಳು ಇಷ್ಟು: ‘ಈಚೆಗೆ ನಾಲ್ಕು ಕನ್ನಡ ಸಿನಿಮಾ ನೋಡಿದೆ. ಸು ಫ್ರಮ್ ಸೋ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕಾಂತಾರ ಚಾಪ್ಟರ್ 1 ನೋಡಿ ಕಿವಿ ಹೋಯಿತು. ಸಪ್ತ ಸಾಗರದಾಚೆ ಎಲ್ಲೋ ಎರಡೂ ಭಾಗ ಬರೀ ಲ್ಯಾಗ್. ತಿಥಿ ಹಳೇದಾದರೂ ಈಗ ನೋಡಿದೆ, ಮಾತೆಲ್ಲ ನಮ್ಮ ಕಡೇದೇ, ಆದರೆ ಕತೆ ಎಲ್ಲಿದೆ? ಕರಾವಳಿ ಕನ್ನಡ ಯಾಕೋ ಜಾಸ್ತಿಯಾಯಿತು. ನೀವು ಸಿನಿಮಾಗಳಿಗೆ ಸ್ಟಾರ್ ಯಾಕೆ ಕೊಡುವುದಿಲ್ಲ?’

ನಮಸ್ಕಾರ ಸಾರ್,

ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದ್ದು ಸಿನಿಮಾಗಳ ಬಗ್ಗೆ ಏನು ಹೇಳಿದ್ದೀರಿ ಎಂದು ತಿಳಿಯಲು. ಎರಡನೇ ಸಲ, ಮಧ್ಯೆ ಮಧ್ಯೆ ನೀವು ಸುಮ್ನೆ ಬರೆದುಕೊಂಡು ಹೋದ ಮಾತುಗಳು ಕಣ್ಣಿಗೆ ಬಿದ್ದವು. ‘ಸು ಫ್ರಮ್ ಸೋ’ ನೋಡಿದ್ದು ಭಾನುವಾರ, ತಮ್ಮನ ಮನೆಯವರೆಲ್ಲ ಸೇರಿ ಒಂಬತ್ತು ಜನ, ಟಾಕೀಸು ಹೌಸ್‌ಫುಲ್. ‘ಸಪ್ತ ಸಾಗರ’ ನೋಡಿದ್ದು ಬೆಂಗಳೂರು ಬಸ್ಸಿನಲ್ಲಿ, ಮೊಬೈಲಿನಲ್ಲಿ. ಹೋಗುವಾಗ ಸ್ವಲ್ಪ, ಬರುವಾಗ ಸ್ವಲ್ಪ, ಉಳಿದಿದ್ದು ಮುಂದಿನ ವಾರ. ಇಯರ್‌ಫೋನಿನಲ್ಲಿ ಒಂದು ಕಿವಿಯದು ಮಾತ್ರ ಕೆಲಸ ಮಾಡುತ್ತಿತ್ತು ಎಂದೂ ಬರೆದಿದ್ದೀರಿ.

ಈಗ ನೀವೇ ಹೇಳಿ, ಲ್ಯಾಗ್ ಆಗಿದ್ದು ಸಿನಿಮಾನಾ, ಬಸ್ಸಾ? (ನಮ್ಮ ಕಾಲದಲ್ಲಿ ‘ಬೋರು’ ಎನ್ನುತ್ತಿದ್ದೆವು. ಮೇಷ್ಟ್ರ ಪತ್ರದಲ್ಲೂ ‘ಲ್ಯಾಗ್’ ಬಂತಲ್ಲ ಎಂದು ಆಫೀಸಿನ ಹುಡುಗರಿಗೆ ಭಾರಿ ಖುಷಿ.)

ಆ ಸಿನಿಮಾದ ಮೊದಲ ಭಾಗದಲ್ಲಿ ಇರುವುದೇ ಕಾಯುವ ಕತೆ. ಮನು ದೊಡ್ಡವರ ಮನೆಯ ಡ್ರೈವರ್. ಪ್ರಿಯಾ ಹಾಡುವ ಹುಡುಗಿ. ಮುಂದಿನ ಬದುಕಿಗೆ ದುಡ್ಡಾಗುತ್ತದೆ ಎಂದು ಮಾಲೀಕನ ಮಗ ಮಾಡಿದ ಆಕ್ಸಿಡೆಂಟನ್ನು ಮನು ತನ್ನ ತಲೆಗೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬಿಡಿಸುತ್ತೇನೆ ಎಂದ ಮಾಲೀಕನೇ ತೀರಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಇಬ್ಬರಿಗೂ ಉಳಿಯುವುದು ದಿನ ಎಣಿಸುವ ಕೆಲಸ. ನಿರ್ದೇಶಕ ಹೇಮಂತ್ ರಾವ್ ಅದನ್ನು ಬೇಗ ಬೇಗ ದಾಟಿಸಿಬಿಟ್ಟಿದ್ದರೆ ಪ್ರಿಯಾಳ ಕಷ್ಟ ನಮಗೆ ತಾಗುತ್ತಲೇ ಇರಲಿಲ್ಲ. ರುಕ್ಮಿಣಿ ವಸಂತ್ ಮುಖ ನೆನೆಸಿಕೊಳ್ಳಿ. ಜೈಲಿನ ಭೇಟಿಯಲ್ಲಿ ಅಳು ಬರುತ್ತಿದೆ, ಅವನೆದುರು ಅಳಬಾರದು, ನಗಬೇಕು. ಆ ನಗು ತುಟಿಗೆ ಬರಲು ಹಿಡಿಯುವ ಹೊತ್ತಿದೆಯಲ್ಲ, ನೀವು ಲ್ಯಾಗ್ ಎಂದಿದ್ದು ಅದನ್ನೇ. ಕ್ಯಾಸೆಟ್‌ನಲ್ಲಿ ತುಂಬಿಟ್ಟ ಅವಳ ದನಿಯೇ ಮನುವಿಗೆ ಹೊರಗಿನ ಲೋಕ. ಅದನ್ನು ನೀವು ಒಂದು ಕಿವಿಯಲ್ಲಿ ಕೇಳಿದ್ದೀರಿ. ಇನ್ನೊಂದು ಕಿವಿಯಲ್ಲಿ ಕಂಡಕ್ಟರ್ ‘ಗುಬ್ಬಿ ಯಾರ್ರೀ ಇಳಿಯೋರು’ ಎಂದು ಕೂಗಿರಬೇಕು. ಮೊದಲ ಭಾಗಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು ಎಂದು ಬಣ್ಣ ಬೇರೆ ಹಂಚಿದ್ದಾರೆ. ಕಿಟಕಿ ಬಿಸಿಲು ಬಿದ್ದ ಫೋನಿನಲ್ಲಿ ಅವೆರಡೂ ಒಂದೇ ಕಪ್ಪು.

ಎರಡನೇ ಭಾಗದ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪಾರ್ಟಿ. 2023ರ ಸೆಪ್ಟೆಂಬರ್ 1ಕ್ಕೆ ಮೊದಲನೆಯದು ಬಂತು, ನವೆಂಬರ್ 17ಕ್ಕೆ ಎರಡನೆಯದು. ಹನ್ನೊಂದು ವಾರ ಕಾದು ಹೋಗಿ, ಒಳ್ಳೆಯ ಥಿಯೇಟರಿನಲ್ಲಿ, ಒಳ್ಳೆಯ ಸೀಟಿನಲ್ಲಿ ಕೂತೇ ನೋಡಿದೆ. ಆದರೂ ಕೈ ವಾಚಿನ ಕಡೆ ಹೋಯಿತು. ಜೈಲಿನಿಂದ ಬಂದವನು ಮದುವೆಯಾದ ಪ್ರಿಯಾಳ ಹಿಂದೆ ಕದ್ದು ಓಡಾಡುವುದನ್ನು ಸಿನಿಮಾ ಬರೀ ಪ್ರೀತಿ ಎಂದೇ ನೋಡುತ್ತದೆ. ನನಗೆ ಇರಿಸುಮುರಿಸಾಯಿತು. ಚೈತ್ರಾ ಆಚಾರ್ ಮಾಡಿದ ಸುರಭಿ ಬಂದಾಗಲೆಲ್ಲ ಜೀವ ಬರುತ್ತಿತ್ತು. ಅವಳನ್ನು ಇನ್ನಷ್ಟು ಹೊತ್ತು ಇಟ್ಟುಕೊಳ್ಳಬೇಕಿತ್ತು.

‘ಸು ಫ್ರಮ್ ಸೋ’ ವಿಷಯಕ್ಕೆ ಬರೋಣ. ನಿಮ್ಮಷ್ಟೇ ನಾನೂ ನಕ್ಕಿದ್ದೇನೆ. ಸಿಕ್ಕಿಬಿದ್ದ ಅಶೋಕ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ಆಡುತ್ತಾನೆ, ಊರಿಗೆ ಊರೇ ನಂಬುತ್ತದೆ. ಸೋಮೇಶ್ವರದ ಸುಲೋಚನಾ ಎಂಬ ಹೆಸರು ಬಂದಿದ್ದೇ ತಡ, ನನ್ನ ಹಿಂದಿನ ಸಾಲಿನ ಅಜ್ಜಿಯೊಬ್ಬರು ‘ಅಯ್ಯೋ ಶಿವನೇ’ ಎಂದರು, ಸಾಲಿಗೆ ಸಾಲೇ ಇನ್ನೊಂದು ಸುತ್ತು ನಕ್ಕಿತು. 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’. 91 ವರ್ಷವಾದ ಮೇಲೆ ಇನ್ನೊಬ್ಬ ಸುಲೋಚನಾ ಬಂದು, ದೊಡ್ಡ ಹೀರೋ ಇಲ್ಲದ ಚಿತ್ರಕ್ಕೆ ಟಾಕೀಸು ತುಂಬಿಸಿಕೊಟ್ಟಳು. ಆದರೆ ಅದೇ ಸಿನಿಮಾವನ್ನು ಆಮೇಲೆ ಮನೆಯಲ್ಲಿ ಒಬ್ಬನೇ ಕೂತು ಇನ್ನೊಮ್ಮೆ ನೋಡಿದೆ. ನಗು ಅರ್ಧ ಆಯಿತು. ಸುಲೋಚನಾಳ ಮಗಳ ಕತೆ ಬರುವ ಭಾಗದಲ್ಲಿ ಸಿನಿಮಾ ದಾರಿ ಬದಲಿಸುವುದು ಎದ್ದು ಕಾಣಿಸಿತು. ನಿಮ್ಮ ಒಂಬತ್ತು ಜನರಿಗೆ ಅದು ಗೊತ್ತೇ ಆಗಿರಲಿಕ್ಕಿಲ್ಲ, ಪಕ್ಕದವರ ನಗು ನಿಮ್ಮನ್ನು ದಾಟಿಸಿಬಿಟ್ಟಿದೆ.

ಕಾಂತಾರದ ಬಗ್ಗೆ ಜಗಳವಿಲ್ಲ. ರಥ ನುಗ್ಗುವ ದೃಶ್ಯಕ್ಕೆ ನಾನೂ ಸೀಟಿನ ತುದಿಗೆ ಬಂದಿದ್ದೆ, ಹೊರಗೆ ಬಂದಾಗ ತಲೆನೋವೂ ಇತ್ತು. 2022ರ ಚಿತ್ರಕ್ಕಿಂತ ಹಿಂದಿನ ಕತೆ ಆದ್ದರಿಂದ ಆಮೇಲೆ ಬಂದಿದ್ದಕ್ಕೆ ‘1’ ಎಂದು ಹೆಸರು, ನಿಮ್ಮ ಮೊಮ್ಮಗನಿಗೆ ಹೇಳಿಬಿಡಿ.

ಭಾಷೆಯ ಬಗ್ಗೆ ನೀವು ಬರೆದದ್ದು ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ‘ತಿಥಿ’ಯ ಮಾತು ನಮ್ಮ ಕಡೇದು ಎಂದು ಮೂರನೇ ಪುಟದಲ್ಲಿ ಹಿಗ್ಗಿದ್ದೀರಿ. ಐದನೇ ಪುಟದಲ್ಲಿ ‘ಎಂತ ಮಾರಾಯ ಕೇಳಿ ಕೇಳಿ ಸಾಕಾಯಿತು’ ಎಂದಿದ್ದೀರಿ. ನಮ್ಮ ಆಫೀಸಿನಲ್ಲಿ ಮಂಗಳೂರಿನ ಹುಡುಗಿಯೊಬ್ಬಳಿದ್ದಾಳೆ. ‘ತಿಥಿ’ಯನ್ನು ಅವಳು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡಿದಳಂತೆ! ಎಷ್ಟು ಕಾಲ ನಮ್ಮ ಹೀರೋಗಳು ಪುಸ್ತಕದ ಕನ್ನಡ ಆಡಿಕೊಂಡಿದ್ದರು, ನೆನಪಿದೆಯಾ? ಕರಾವಳಿಯ ಮಾತು ಹೋಟೆಲ್ ಭಟ್ಟರ ಕಾಮಿಡಿಗೆ, ಧಾರವಾಡದ ಮಾತು ಹೀರೋನ ಪಕ್ಕದವನಿಗೆ. 2024ರಲ್ಲಿ ಕೊಪ್ಪಳ ಜಿಲ್ಲೆಯ ಮಾತಿನಲ್ಲೇ ‘ಶಿವಮ್ಮ’ ಬಂತು, ಹೀರೋಯಿನ್ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು. ಕರಾವಳಿಯವರು ಜಾಸ್ತಿ ಸಿನಿಮಾ ಮಾಡುತ್ತಿದ್ದಾರೆ, ಹಾಗಾಗಿ ಅದು ಜಾಸ್ತಿ ಕೇಳಿಸುತ್ತಿದೆ. ತಿಪಟೂರಿನವರನ್ನು ಯಾರು ಹಿಡಿದುಕೊಂಡಿದ್ದಾರೆ?

‘ತಿಥಿ’ಯಲ್ಲಿ ಕತೆ ಎಲ್ಲಿದೆ ಎಂದು ಕೇಳಿದ್ದೀರಿ. ನೂರು ದಾಟಿದ ಸೆಂಚುರಿಗೌಡ ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಬೈದುಕೊಂಡು ಕೂತಿರುತ್ತಾನೆ. ಎದ್ದು ನಾಲ್ಕು ಹೆಜ್ಜೆ ಹೋದವನು ಬಿದ್ದು ಸಾಯುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ. ಮಗ ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಲೇಬೇಕು. ಅದಕ್ಕೆ ಬದುಕಿರುವ ಅಪ್ಪನಿಗೇ ಡೆತ್ ಸರ್ಟಿಫಿಕೇಟ್ ಮಾಡಿಸುತ್ತಾನೆ. ಮರಿಮಗ ಅಭಿ ಕುರಿ ಕಾಯುವವರ ಹುಡುಗಿಯ ಹಿಂದೆ. ಇದಕ್ಕಿಂತ ಕತೆ ಬೇಕಾ ಸಾರ್? ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಕಡೆಯ ಜನರೇ ಆ ಪಾತ್ರ ಮಾಡಿದವರು, ಕ್ಯಾಮೆರಾ ಮುಂದೆ ನಿಂತು ಅಭ್ಯಾಸವಿಲ್ಲದವರು. ಅದಕ್ಕೇ ನಿಮಗೆ ಅದು ಕತೆ ಎನಿಸದೆ ಪಕ್ಕದ ಬೀದಿಯ ಸುದ್ದಿ ಎನಿಸಿದೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದವರು ಎರಡು ಪ್ರಶಸ್ತಿ ಕೊಟ್ಟಿದ್ದೂ ಬಹುಶಃ ಇದಕ್ಕೇ.

ಇನ್ನು ಸ್ಟಾರ್. ಹಿಂದೆ ನಾನೊಂದು ದಿನಪತ್ರಿಕೆಯಲ್ಲಿದ್ದಾಗ ಕೊಡುತ್ತಿದ್ದೆ. ಒಂದು ಶುಕ್ರವಾರ ಮ್ಯಾಟಿನಿ. ಫ್ಯಾನ್ ಓಡುತ್ತಿರಲಿಲ್ಲ, ಎರಡು ಸಲ ಕರೆಂಟ್ ಹೋಯಿತು, ಮುಂದಿನ ಸೀಟಿನವನು ಎದ್ದೂ ಎದ್ದೂ ಕೂರುತ್ತಿದ್ದ. ರಾತ್ರಿ ಏಳಕ್ಕೆ ಕಾಪಿ ಕೊಡಬೇಕು. ಒಂದೂವರೆ ಸ್ಟಾರ್ ಎಂದು ಬರೆದು ಮನೆಗೆ ಹೋದೆ. ಆರು ತಿಂಗಳಾದ ಮೇಲೆ ಟಿವಿಯಲ್ಲಿ ಅದೇ ಚಿತ್ರ ಬಂತು. ಹೆಂಡತಿ ಕಣ್ಣೊರೆಸಿಕೊಂಡು, ‘ಯಾರ್ರೀ ಇದಕ್ಕೆ ಒಂದೂವರೆ ಕೊಟ್ಟಿದ್ದು?’ ಎಂದಳು. ನಾನು ನೀರು ಕುಡಿಯಲು ಎದ್ದುಹೋದೆ. ಫ್ಯಾನಿಗೆ ಕೊಡಬೇಕಾದ ಸ್ಟಾರ್ ಸಿನಿಮಾಕ್ಕೆ ಬಿದ್ದಿತ್ತು. ಇಲ್ಲಿ ನಮ್ಮ ವಿಮರ್ಶಕರಿಗೆ ನಾನು ಹೇಳಿರುವುದು, ಎಲ್ಲಿ, ಯಾರ ಜೊತೆ ನೋಡಿದಿರಿ ಎಂಬುದನ್ನು ಒಂದು ಸಾಲಾದರೂ ಬರೆಯಿರಿ ಎಂದು. ನಿಮ್ಮ ಪತ್ರ ನನಗೆ ಹಿಡಿಸಿದ್ದೂ ಅದಕ್ಕೇ.

ಬೆಂಗಳೂರಿನ ಮಾಲ್‌ನ ಟಿಕೆಟ್ಟನ್ನು ಪಿನ್ ಹಾಕಿ ಕಳಿಸಿದ್ದೀರಿ, ಮೊತ್ತದ ಕೆಳಗೆ ಕೆಂಪು ಇಂಕಿನಲ್ಲಿ ಎರಡು ಗೆರೆ. ಅರ್ಥವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಎಂದಿತು, ಅದೇ ತಿಂಗಳು ಹೈಕೋರ್ಟಿನಲ್ಲಿ ಅದಕ್ಕೆ ತಡೆ ಬಿತ್ತು. ನಿಮ್ಮೂರ ಟಾಕೀಸಿನ ಮೇಲೆ ನಿಮಗಿರುವ ಪ್ರೀತಿಗೆ ಇದೂ ಒಂದು ಕಾರಣ ಇರಬೇಕು.

ನೋಡಿದ ಸಿನಿಮಾಗಳ ಟಿಕೆಟ್ಟನ್ನೆಲ್ಲ ಹಳೇ ಅಟ್ಲಾಸಿನೊಳಗೆ ಇಡುತ್ತೀರಂತೆ, ಹಾಗಾಗಿ ಇದನ್ನು ವಾಪಸ್ ಕಳಿಸುತ್ತಿದ್ದೇನೆ. ಒಂದು ಇಯರ್‌ಫೋನ್ ಕೊಳ್ಳಿ. ಒಂದು ರಾತ್ರಿ ಲೈಟ್ ಆರಿಸಿ ‘ಸಪ್ತ ಸಾಗರ’ದ ಮೊದಲ ಭಾಗ ಇನ್ನೊಮ್ಮೆ ನೋಡಿ, ಎರಡನೆಯದು ಬೇಡ. ಆಗಲೂ ಲ್ಯಾಗ್ ಅನಿಸಿದರೆ ಬರೆಯಿರಿ. ನಾಲ್ಕು ಪುಟ ಸಾಕು ಸಾರ್.

ನಿಮ್ಮ
ಸಂಪಾದಕ