1965ರ ಇಂಪಾಲಾ ಮಾರುವ ಮುನ್ನ ಬಣ್ಣ ಹೊಡೆಸಬೇಡಿ

ಮಾವನವರಿಂದ ಬಂದ ನಾಲ್ಕು ಬಾಗಿಲಿನ 1965ರ ಷೆವ್ರೊಲೆ ಇಂಪಾಲಾ ಕಾರಿಗೆ ಹೊಸ ಬಣ್ಣ ಹೊಡೆಸಿ, ಸೀಟಿನ ಬಟ್ಟೆ ಬದಲಾಯಿಸಿ, ಆಮೇಲೆ ಮಾರಾಟಕ್ಕೆ ಇಡುವುದಾಗಿ ನೀವು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಬಾಡಿ ಶಾಪ್‌ಗೆ ಮುಂಗಡ ಕೊಟ್ಟಿಲ್ಲವಾದರೆ ಇವತ್ತೇ ಬೇಡವೆಂದು ಹೇಳಿಬಿಡಿ.

ಡೆಟ್ರಾಯಿಟ್ ಹತ್ತಿರ ನಾನು ಮಾರಿದ ಮೊದಲ ಇಂಪಾಲಾ ಕೂಡ ಇದೇ ವರ್ಷದ್ದು, 283 ವಿ8 ಎಂಜಿನ್, ಪವರ್‌ಗ್ಲೈಡ್ ಎಂಬ ಆಟೋಮ್ಯಾಟಿಕ್ ಗೇರ್. 4,200 ಡಾಲರ್ ಕೊಟ್ಟು ಬಣ್ಣ ಹೊಡೆಸಿದೆ. ನೋಡಲು ಬಂದವರು ಹಿಂದಿನ ಚಕ್ರದ ಕಮಾನಿನ ಮೇಲೆ ಬಣ್ಣದ ದಪ್ಪ ಅಳೆಯುವ ಗೇಜ್ ಇಟ್ಟರು. ಕಾರ್ಖಾನೆಯ ಬಣ್ಣವಾಗಿದ್ದರೆ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸಬೇಕಿದ್ದ ಕಡೆ 380 ತೋರಿಸಿತು. ಕೆಳಗೆ ಪುಟ್ಟಿ ಇದೆಯೇ ಎಂದು ಕೇಳಿದರು. ಇರಲಿಲ್ಲ, ಆದರೆ ಅದನ್ನು ತೋರಿಸಲು ಹಳೆಯ ಮೈಯ ಒಂದು ಫೋಟೋ ಕೂಡ ನಾನು ತೆಗೆದಿಟ್ಟಿರಲಿಲ್ಲ. ಬಾಗಿಲಿನ ರಬ್ಬರಿನ ಅಂಚಿಗೆ ಬಣ್ಣದ ತುಂತುರು ಹತ್ತಿತ್ತು, ಎಂಜಿನ್ನಿನ ಹಿಂದಿನ ಗೋಡೆಯ (ಫೈರ್‌ವಾಲ್) ಮೇಲೆ ಕಾರಿನ ಮೂಲ ಬಣ್ಣ, ಸೀಟಿನ ಬಟ್ಟೆ ಯಾವುದೆಂದು ಹೇಳುವ ಟ್ರಿಮ್ ಟ್ಯಾಗ್‌ನ ಅಂಕಿಗಳು ಬಣ್ಣದಲ್ಲಿ ಮುಚ್ಚಿಹೋಗಿದ್ದವು. ಮೂವರು ಹಾಗೆಯೇ ಹಿಂತಿರುಗಿದರು. ಬಣ್ಣ ಹೊಡೆಸುವ ಮುಂಚೆ ಒಬ್ಬರು ಕೇಳಿದ್ದ ಬೆಲೆಗಿಂತ ಕೊನೆಗೆ ಸಿಕ್ಕದ್ದು 700 ಡಾಲರ್ ಹೆಚ್ಚು, ಅಷ್ಟೇ.

1965ರ ಮಾಡೆಲ್ ಇಂಪಾಲಾ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾದ ಕಾರು, ಅದರಲ್ಲೂ ನಾಲ್ಕು ಬಾಗಿಲಿನದಕ್ಕೆ ಎರಡು ಬಾಗಿಲಿನದರ ಬೆಲೆ ಎಂದೂ ಬರುವುದಿಲ್ಲ. ಆದ್ದರಿಂದ ಬಣ್ಣಕ್ಕೆ ಹಾಕಿದ ಹಣ ತಿರುಗಿ ಬಾರದು. ಯಾರೂ ಕೈಹಾಕದೆ ಉಳಿದ ಸ್ಥಿತಿಗೆ ಮಾತ್ರ ಹುಡುಕಿಕೊಂಡು ಬರುವ ಜನರಿದ್ದಾರೆ.

ಎರಡನೆಯ ಕಾರಿಗೆ, ಅದು ಗುಲಾಬಿ ಬಣ್ಣಕ್ಕೆ ತಿರುಗಿದ್ದ ರೀಗಲ್ ರೆಡ್, ನಾನು ಬಳಸಿದ್ದು ಮೆಗೈಯರ್ಸ್ ನಂಬರ್ 7 ಎಂಬ ಪಾಲಿಷ್ ಮಾತ್ರ. ಷೆವ್ರೊಲೆಯ ಒಡೆತನದ ಜಿಎಂ ಕಂಪನಿ ಆ ಕಾಲದಲ್ಲಿ ಹಾಕುತ್ತಿದ್ದ ಲ್ಯಾಕರ್ ಬಣ್ಣಕ್ಕೆ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇಲ್ಲ, ಒಣಗಿದ ಬಣ್ಣವೇ ನೇರವಾಗಿ ಕೈಗೆ ಸಿಗುತ್ತದೆ. ಟರ್ಕಿ ಟವೆಲ್ಲಿನಲ್ಲಿ ಧಾರಾಳವಾಗಿ ಹಚ್ಚಿ, ರಾತ್ರಿಯಿಡೀ ಹೀರಿಕೊಳ್ಳಲು ಬಿಟ್ಟು, ಬೆಳಿಗ್ಗೆ ಕೈಯಿಂದಲೇ ಉಜ್ಜಿದೆ. ಬಟ್ಟೆ ಕೆಂಪಾಗುತ್ತಾ ಹೋಯಿತು, ಬಾನೆಟ್ಟಿನ ಮೇಲೆ ನಿಜವಾದ ಕೆಂಪು ನಿಧಾನವಾಗಿ ಎದ್ದು ಬಂತು. ಆದರೆ ಅಂಚುಗಳಲ್ಲಿ, ಬಾಡಿ ಲೈನ್ ಮೇಲೆ ಬಣ್ಣ ಕಾಗದದಷ್ಟು ತೆಳುವಾಗಿರುತ್ತದೆ, ಅಲ್ಲಿ ಉಜ್ಜಬೇಡಿ. ತಿರುಗುವ ಪಾಲಿಷ್ ಯಂತ್ರ (ರೋಟರಿ ಬಫರ್) ಅಂತೂ ಮುಟ್ಟಲೇಬೇಡಿ. ಲ್ಯಾಕರ್ ಬಿರುಕು ಬಿಟ್ಟಿದ್ದರೆ ಯಾವ ಪಾಲಿಷ್ ಕೂಡ ಅದನ್ನು ಮುಚ್ಚದು, ಬಿಟ್ಟುಬಿಡಿ. ಡ್ಯಾಶ್‌ಬೋರ್ಡ್ ಮತ್ತು ಸೀಟುಗಳಿಗೆ ಮಿರುಗುವ ಸಿಲಿಕಾನ್ ಹಚ್ಚುವ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸದು, ಏನನ್ನೋ ಬಚ್ಚಿಡುತ್ತಿದ್ದಾರೆಂದು ಕೊಳ್ಳುವವರಿಗೆ ಅನಿಸುತ್ತದೆ. ಹರಿದ ಸೀಟನ್ನು ಹರಿದಂತೆಯೇ ತೋರಿಸಿ.

ಉಳಿಸಿದ ಹಣವನ್ನು ಬ್ರೇಕಿಗೆ ಹಾಕಿ. 1965ರ ಕಾರಿನಲ್ಲಿ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ಒಂದು ಚಕ್ರದ ಸಿಲಿಂಡರ್ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕ್ ಹೋಗಬಹುದು. ಪರೀಕ್ಷೆಗೆಂದು ಓಡಿಸುವವರು ನಿಮ್ಮ ಜವಾಬ್ದಾರಿ ಎಂಬುದನ್ನು ಮರೆಯಬೇಡಿ. ಟೈರಿನ ಮೇಲೆ DOT ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ನೋಡಿ, ತಯಾರಾದ ವಾರ ಮತ್ತು ವರ್ಷ ಅಲ್ಲೇ ಇರುತ್ತವೆ. ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಳೆಯದು, ಅದರ ಮೇಲೆ ಯಾರನ್ನೂ ಕೂರಿಸಿ ಕಳಿಸಬೇಡಿ.

ಫೋಟೋಗಳಲ್ಲಿ ಮೊದಲು ತುಕ್ಕು ಬರಲಿ: ಡಿಕ್ಕಿಯ ತಳ, ಕಾರ್ಪೆಟ್ ಎತ್ತಿದ ನೆಲ, ಹಿಂದಿನ ಚಕ್ರದ ಸುತ್ತಲಿನ ಕ್ವಾರ್ಟರ್ ಪ್ಯಾನೆಲ್ಲಿನ ಕೆಳಭಾಗ. ಜೊತೆಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡುವ ವಿಡಿಯೋ ಒಂದನ್ನು ಕತ್ತರಿಸದೆ ಹಾಕಿ. ಗ್ಲೋವ್ ಬಾಕ್ಸಿನಲ್ಲಿ ವಾರಂಟಿ ಪುಸ್ತಕ ಇದ್ದರೆ ಅದರೊಳಗೆ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ, ಕಾರಿನ ಮೂಲ ವಿವರಗಳನ್ನು ಒತ್ತಿದ ಪುಟ್ಟ ಲೋಹದ ಫಲಕ ಅಂಟಿಸಿದೆಯೇ ನೋಡಿ. ಅದು ಹೊಸ ಬಣ್ಣಕ್ಕಿಂತ ಹೆಚ್ಚು ಮಾತನಾಡುತ್ತದೆ. ಬೆಲೆ ಹೇಳುವಾಗ ಹಳೆಯ ಕಾರುಗಳ ಬೆಲೆ ಹೇಳುವ ಹ್ಯಾಗರ್ಟಿ ಪಟ್ಟಿಯಲ್ಲಿ ನಾಲ್ಕನೆಯ ದರ್ಜೆಯನ್ನೇ (ಒಂದನೆಯದು ಅತ್ಯುತ್ತಮ) ನೋಡಿ, ಎರಡನೆಯದನ್ನು ನೋಡಿ ಆಸೆ ಪಡಬೇಡಿ.

ಕೊಳ್ಳುವವರು ಕ್ಯಾಶಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಕೊಟ್ಟರೆ ಅವರ ಬ್ಯಾಂಕಿನಲ್ಲೇ ಎದುರು ನಿಂತು ಹಣ ಪಡೆಯಿರಿ. ನೀವೂ ಮಿಶಿಗನ್‌ನವರಾದ್ದರಿಂದ ನಂಬರ್ ಪ್ಲೇಟನ್ನು ಬಿಚ್ಚಿ ಇಟ್ಟುಕೊಳ್ಳಿ, ಸಹಿ ಮಾಡಿದ ಟೈಟಲ್ಲಿನ (ಕಾರಿನ ಮಾಲೀಕತ್ವದ ಪತ್ರ) ಪ್ರತಿಯನ್ನೂ ಉಳಿಸಿಕೊಳ್ಳಿ. ಆದರೆ ಮಾಲೀಕತ್ವ ಬದಲಾಯಿಸಿಕೊಡುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಕೊಳ್ಳುವವರ ಜೊತೆಯಲ್ಲೇ ಹೋಗುವುದು ಅದಕ್ಕಿಂತ ಒಳ್ಳೆಯದು. ಸದ್ಯಕ್ಕೆ ಹಿಂದಿನ ಗಾಜಿನ ಕೆಳಗಿನ ಎರಡು ಮೂಲೆಗಳ ಹತ್ತಿರದ ಫೋಟೋ ಇಲ್ಲಿ ಹಾಕಿ. ಅಲ್ಲಿ ಬಣ್ಣ ಉಬ್ಬಿದೆಯೇ ಇಲ್ಲವೇ ನೋಡಿಯೇ ಬೆಲೆಯ ಮಾತು ಹೇಳುತ್ತೇನೆ.