ಚೈನ್‌ಸಾ ಐಡಲ್‌ನಲ್ಲಿ (ಥ್ರಾಟಲ್ ಒತ್ತದೆ ಸುಮ್ಮನೆ ಓಡುವಾಗ) ಚೆನ್ನಾಗಿ ಓಡುತ್ತದೆ, ಥ್ರಾಟಲ್ ಒತ್ತಿದ ಕೂಡಲೇ ನಿಂತುಹೋಗುತ್ತದೆ. ಯಾಕೆ?

ಹೆಚ್ಚಿನ ಸಲ ಕಾರಣ ಒಂದೇ: ಥ್ರಾಟಲ್ ಒತ್ತಿದಾಗ ಎಂಜಿನ್‌ಗೆ ಬೇಕಾದಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಥ್ರಾಟಲ್ ಟ್ರಿಗರ್ ಒತ್ತಿದರೆ ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ತೆರೆದು ಗಾಳಿ ಒಮ್ಮೆಲೇ ನುಗ್ಗುತ್ತದೆ. ಪೆಟ್ರೋಲ್ ಗಾಳಿಗಿಂತ ಭಾರ, ಸ್ವಲ್ಪ ಹಿಂದೆ ಬೀಳುತ್ತದೆ. ದಾರಿಯಲ್ಲಿ ಕಸ ಕಟ್ಟಿದ್ದರಂತೂ ಮುಗೀತು, ಎಂಜಿನ್ ನಿಂತೇಬಿಡುತ್ತದೆ. ಐಡಲ್‌ಗೆ ತೀರಾ ಕಮ್ಮಿ ಪೆಟ್ರೋಲ್ ಸಾಕು, ಅದಕ್ಕೇ ಅಲ್ಲಿ ತೊಂದರೆ ಕಾಣುವುದಿಲ್ಲ.

ಸುಮ್ನೆ ಕಾರ್ಬುರೇಟರ್ ಸ್ಕ್ರೂ ತಿರುಗಿಸಲು ಹೋಗಬೇಡಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ತೆಗೆದು ಪೆಟ್ರೋಲ್-ಆಯಿಲ್‌ನ ಹೊಸ ಮಿಶ್ರಣ ಹಾಕಿ. ಏರ್ ಫಿಲ್ಟರ್ ಸ್ವಚ್ಛ ಮಾಡಿ. ಟ್ಯಾಂಕ್ ಒಳಗೆ ಪೈಪಿನ ತುದಿಯಲ್ಲಿ ಪುಟ್ಟ ಫಿಲ್ಟರ್ ಇರುತ್ತದೆ, ಬಾಗಿಸಿದ ತಂತಿಯಿಂದ ಹೊರಗೆಳೆದು ಬದಲಿಸಿ. ಅಗ್ಗದ ವಸ್ತು, ಜಾಸ್ತಿ ಸಲ ತಪ್ಪು ಇದರದ್ದೇ. ಪೈಪ್ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ.

ಆಮೇಲೂ ಹಾಗೇ ಇದ್ದರೆ, ಎಂಜಿನ್ ಬಿಸಿಯಾದ ಮೇಲೆ ಕಾರ್ಬುರೇಟರ್‌ನ 'ಎಲ್' ಸ್ಕ್ರೂವನ್ನು (ಕಮ್ಮಿ ವೇಗದಲ್ಲಿ ಪೆಟ್ರೋಲ್ ಹೊಂದಿಸುವುದು) ಎಡಕ್ಕೆ 1/8 ಸುತ್ತು ತಿರುಗಿಸಿ. ಐಡಲ್‌ನಲ್ಲಿ ಚೈನ್ ತಿರುಗಬಾರದು. 'ಎಚ್' ಸ್ಕ್ರೂ (ಜಾಸ್ತಿ ವೇಗದ್ದು) ಮಾತ್ರ ಬಲಕ್ಕೆ ಬಿಗಿ ಮಾಡಬೇಡಿ, ಪೆಟ್ರೋಲ್ ಕಮ್ಮಿಯಾಗುತ್ತದೆ. ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ ಅಲ್ವಾ? ಪೆಟ್ರೋಲ್ ಕಮ್ಮಿಯಾದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ.

ಇದ್ಯಾವುದಕ್ಕೂ ಜಗ್ಗದಿದ್ದರೆ ಕಾರ್ಬುರೇಟರ್ ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಗಟ್ಟಿಯಾಗಿರಬಹುದು. ಅದಕ್ಕೆ ರಿಪೇರಿ ಕಿಟ್ ಸಿಗುತ್ತದೆ.